ಬಣ್ಣದಡಿಯ ಬಿಳಿ ಹುಡಿ

ನಾನು ಒಂದು ಗಾಲಿಕುರ್ಚಿ. ಕೊಯಮತ್ತೂರಿನ ಒಂದು ಶೆಡ್ಡಿನಲ್ಲಿ ಅಲ್ಯೂಮಿನಿಯಂ ಕೊಳವೆಗಳನ್ನು ಬಗ್ಗಿಸಿ, ಬೆಸೆದು, ನೀಲಿ ಬಣ್ಣ ಹೊಡೆದು ನನ್ನನ್ನು ಲಾರಿಗೆ ಏರಿಸಿದರು. ಇಳಿದದ್ದು ಗಂಗೊಳ್ಳಿಯಲ್ಲಿ, ಶೀನ ಮೊಗವೀರರ ಅಂಗಳದಲ್ಲಿ.

ಶೀನಣ್ಣ ಬೋಟಿನಲ್ಲಿ ಬಲೆ ಎಳೆಯುತ್ತಿದ್ದವರು. ಮಂಜುಗಡ್ಡೆ ತುಂಬುವಾಗ ಜಾರಿ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಹೆಂಡತಿ ಗುಲಾಬಿ ನನ್ನ ಮೇಲೆ ಕೂರಿಸಿದಾಗ ಶೀನಣ್ಣ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ತಿಂಗಳಾದ ಮೇಲೆ ಒಂದು ಬೆಳಿಗ್ಗೆ ತಾವೇ ಗಾಲಿ ತಿರುಗಿಸಿಕೊಂಡು ಬಂದರಿಗೆ ಹೊರಟರು. ಆಮೇಲೆ ದಿನವೂ ಬೋಟು ಕಟ್ಟುವ ದಕ್ಕೆಯ ಅಂಚಿನಲ್ಲಿ ಕೂತು ಬೋಟು ಬರುವುದನ್ನು ನೋಡುವುದೇ ನಮ್ಮಿಬ್ಬರ ಕೆಲಸವಾಯಿತು.

ಉಪ್ಪುಗಾಳಿ ಅವರಿಗೆ ಹಿತ, ನನಗಲ್ಲ. ಎರಡನೇ ವರ್ಷ ನನ್ನ ಬಣ್ಣದಡಿ ಗುಳ್ಳೆಗಳೆದ್ದವು. ಉಗುರು ತಾಗಿದರೆ ಉಪ್ಪು ತಿಂದ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ಉದುರುತ್ತಿತ್ತು. ಶೀನಣ್ಣ ಬಣ್ಣದ ಡಬ್ಬಿ ತರಿಸಿ ಮೇಲಿಂದಲೇ ಬಳಿದರು. ಮಳೆಗಾಲ ಮುಗಿಯುವ ಮೊದಲೇ ಅದೂ ಸಿಪ್ಪೆಯಂತೆ ಎದ್ದುಬಂತು.

ಪಕ್ಕದ ಮನೆಯ ಅಣ್ಣಪ್ಪ ಪೂಜಾರಿಯವರು ಮುಂಬಯಿಯಲ್ಲಿ ಹಡಗುಗಳಿಗೆ ಬಣ್ಣ ಹೊಡೆದು ನಿವೃತ್ತರಾದವರು. ಒಂದು ದಿನ ಬಗ್ಗಿ ನನ್ನನ್ನು ನೋಡಿದರು.

"ಬಣ್ಣದ್ ತಪ್ಪಲ್ಲ ಮಾರಾಯ. ಹುಡಿ ಮೇಲೆ ಬಳ್ದ್ರೆ ನಿಲ್ಲುದ್ ಹ್ಯಾಂಗೆ? ಪೂರಾ ಬಿಚ್ಚಿ ತೆಗಿಕ್. ನಾಕ್ ದಿನದ್ ಕೆಲಸ."

"ನಾಕ್ ದಿನ ಕುರ್ಚಿ ಇಲ್ದೆ ಎಂತ ಮಾಡ್ತ್ರಿ?" ಎಂದರು ಗುಲಾಬಿ.

ಶೀನಣ್ಣ, "ನಾ ನೆಲದಲ್ಲಿ ಕೂತ್ಕಂತೆ" ಎಂದರು.

ತಮ್ಮ ಕಾಲೇ ಆಗಿದ್ದ ನನ್ನನ್ನು ಅವರು ಅಂಗಳದ ಗೋಣಿಯ ಮೇಲೆ ಬಿಡಿಬಿಡಿಯಾಗಿ ಹರಡಿದರು. ಹಳೇ ಬಣ್ಣ ಕೆರೆದರು. ಕಬ್ಬಿಣದ ಕಣ ಉಳಿದರೆ ಮತ್ತೆ ಹುಡಿ ಏಳುತ್ತದೆಂದು ಕಬ್ಬಿಣದ ಬ್ರಷ್ಷು ಮುಟ್ಟಲು ಅಣ್ಣಪ್ಪ ಬಿಡಲಿಲ್ಲ. ಪಾತ್ರೆ ತಿಕ್ಕುವ ಹಸಿರು ನಾರಿನಿಂದಲೇ ಉಜ್ಜಿಸಿದರು.

ಎರಡನೇ ದಿನ ಶೀನಣ್ಣನ ಕೈ ನಿಂತುಬಿಟ್ಟಿತು. ಎಡಗಡೆಯ ಮುಂದಿನ ಗಾಲಿಯ ಬೆಸುಗೆಯ ಬಳಿ, ಹುಡಿ ಹೋದ ಜಾಗದಲ್ಲಿ, ಉದ್ದಕ್ಕೆ ಒಂದು ಬಿರುಕು.

"ಅಣ್ಣಪ್ಪಣ್ಣ, ಇಲ್ಲಿ ಕಾಣಿ."

ಅಣ್ಣಪ್ಪ ಕನ್ನಡಕ ಹಾಕಿ ನೋಡಿದರು. "ಇನ್ನೊಂದ್ ತಿಂಗ್ಳು ನೀ ದಕ್ಕೆ ಅಂಚಿಗೆ ಹೋಯಿದ್ರೆ ಕುರ್ಚಿ ಸಮೇತ ನೀರಿಗೇ ಹೋತಿದ್ದೆ" ಎಂದರು.

ಅಣ್ಣಪ್ಪ ಬಿರುಕನ್ನು ಬೆಸೆಸಿ ತಂದರು. ಆಮೇಲೆ ಸಾಬೂನು ನೀರಿನ ಸ್ನಾನ. ರಬ್ಬರ್ ಕೈಗವಸು ಹಾಕಿ, ನೀರು ಬೆರೆಸಿದ ತೆಳು ಆಮ್ಲ ಸವರಿ ತೊಳೆದರು. ನನ್ನ ಮೇಲೆ ನೀರು ಹನಿಗಟ್ಟದೆ ಹಾಳೆಯಂತೆ ಹರಡಿದಾಗ, ಜಿಡ್ಡು ಪೂರಾ ಹೋಯಿತೆಂದು ಅಣ್ಣಪ್ಪ ತಲೆಯಾಡಿಸಿದರು. ಹುಡಿ ಏಳುವುದನ್ನು ತಡೆಯುವ ಇನ್ನೊಂದು ದ್ರಾವಣ ಸವರಿ, ಮತ್ತೆ ತೊಳೆದು ಒಣಗಿಸಿದರು. ಬರಿಗೈ ತಾಗಿಸದೆ ಅದೇ ದಿನ ಅಲ್ಯೂಮಿನಿಯಂಗೆಂದೇ ಸಿಗುವ ಪ್ರೈಮರು, ಮರುದಿನ ಬಣ್ಣ. ಈ ಬಾರಿ ಹಸಿರು, ಆರಿಸಿದ್ದು ಗುಲಾಬಿ.

ಮುಂದಿನ ಮಳೆಗಾಲ ಹೋಯಿತು, ಅದರ ಮುಂದಿನದೂ. ಒಂದೂ ಗುಳ್ಳೆ ಏಳಲಿಲ್ಲ. ದಕ್ಕೆಯ ಜನ ನನ್ನನ್ನು ಮುಟ್ಟಿ ನೋಡಿ, ದೋಣಿ ಇಂಜಿನ್ನಿನ ಮುಚ್ಚಳ, ಸ್ಕೂಟರಿನ ಭಾಗಗಳನ್ನು ತರತೊಡಗಿದರು. ಶೀನಣ್ಣನ ಅಂಗಳ ಕೆಲಸದ ಜಾಗವಾಯಿತು. ಬೋಟು ನೋಡಲು ಅವರಿಗೆ ಭಾನುವಾರ ಮಾತ್ರ ಬಿಡುವು.

ಹನ್ನೊಂದು ವರ್ಷದ ಮೇಲೆ ಅವರು ತಮ್ಮ ದುಡಿಮೆಯಲ್ಲಿ ಮೂರು ಚಕ್ರದ ಬ್ಯಾಟರಿ ಗಾಡಿ ಕೊಂಡರು. ನನಗೆ ಇನ್ನೊಮ್ಮೆ ಅಷ್ಟೂ ಶುಶ್ರೂಷೆ ಮಾಡಿ ಊರಿನ ಆರೋಗ್ಯ ಕೇಂದ್ರಕ್ಕೆ ಕೊಟ್ಟರು.

ಈಗ ಅದರ ಜಗಲಿಯ ಮೂಲೆ ನನ್ನದು. ಸೀಟು ಸವೆದಿದೆ, ಗಾಲಿ ಎಡಕ್ಕೆ ಎಳೆಯುತ್ತದೆ. ಮೈ ಮಾತ್ರ ಗಟ್ಟಿ. ಮುಚ್ಚಿ ಬಿಡಬಹುದಾಗಿದ್ದನ್ನು ನೆಲದಲ್ಲಿ ಕೂತು ಕೆರೆದು ನೋಡಿದ ಆ ಕೈಗಳನ್ನು ದಿನಕ್ಕೊಮ್ಮೆಯಾದರೂ ನೆನೆಯುತ್ತೇನೆ. ಕಳೆದ ಸೋಮವಾರ ಒಬ್ಬ ಬಾಣಂತಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮೇಲೆ ಕೂತು ಗೇಟಿನವರೆಗೆ ಹೋದಳು. ದಾರಿಯುದ್ದಕ್ಕೂ ಕೂಸು ನಿದ್ದೆಯಲ್ಲಿತ್ತು.