ಚಿವುಟುವ ಕಾರು

ಮೆಕ್ಯಾನಿಕ್ ಅಜ್ಜನಿಗೆ ಹೆಂಡತಿಗಿಂತ ಹಳೇ ಕಾರಿನ ಮೇಲೆ ಒಂದು ಕೈ ಹೆಚ್ಚೇ ಪ್ರೀತಿ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಅದರ ಇಂಜಿನ್ ಕಿತ್ತು, ಮೋಟಾರು ಕೂರಿಸಿ, ಹಿಂದಿನ ಸೀಟಿನಡಿ ಬ್ಯಾಟರಿಗಳನ್ನು ಜೋಡಿಸಿ ಕರೆಂಟಿನ ಕಾರು ಮಾಡಿದ ಮೇಲಂತೂ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಲ್ಲವನ್ನೂ ಅವನೊಬ್ಬನೇ ಮಾಡಿದ್ದ. ಇನ್ನೊಬ್ಬರನ್ನು ಕೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಅಜ್ಜಿಯದು ಮಾತ್ರ ಒಂದೇ ದೂರು.

“ರೀ, ಚಾರ್ಜಿಗೆ ಹಾಕಿದಾಗ ನಿಮ್ಮ ಕಾರು ಚಿವುಟುತ್ತೆ.”

“ಅದಕ್ಕೂ ನಿಮ್ಮಮ್ಮನ ಗುಣ ಬಂತಾ?” ಎಂದು ಅಜ್ಜ ನಕ್ಕ. ದಪ್ಪ ರಬ್ಬರಿನ ಬೂಟು ಹಾಕಿಕೊಂಡೇ ಬಾಗಿಲು ಮುಟ್ಟಿದ. ಏನೂ ಆಗಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು, ಅವನ ಮಟ್ಟಿಗೆ.

ಅಜ್ಜಿ ಬಿಡಲಿಲ್ಲ. ಮೊಮ್ಮಗಳನ್ನು ಕಾರಿನಲ್ಲಿ ಶಾಲೆಗೆ ಬಿಡುವ ಹೊತ್ತಿಗೆ ದಿನಾ ಬಂದು, “ಮೊದಲು ಪ್ಲಗ್ ಕೀಳಿ” ಎನ್ನುತ್ತಿದ್ದಳು. ಕರೆಂಟಿನ ವಿಷಯದಲ್ಲಿ ಇವಳದು ಜುಗ್ಗತನ ಎಂದುಕೊಂಡು ಅಜ್ಜ ಗೊಣಗುತ್ತಾ ಕೀಳುತ್ತಿದ್ದ.

ಆ ಭಾನುವಾರ ಮೊಮ್ಮಗಳಿಗೆ ಸಮುದ್ರ ತೋರಿಸುವುದೆಂದು ನಿಶ್ಚಯವಾಗಿತ್ತು. ಬ್ಯಾಟರಿ ಇನ್ನೂ ತುಂಬಿರಲಿಲ್ಲ. ಅಂಗಳವನ್ನು ಆಗಷ್ಟೇ ತೊಳೆದಿದ್ದರು. ಮಗು ಬರಿಗಾಲಲ್ಲಿ ಕಾರಿನತ್ತ ಓಡಿದಾಗ ಅಜ್ಜಿ ಅದರ ರಟ್ಟೆ ಹಿಡಿದು ನಿಲ್ಲಿಸಿದಳು.

“ಪ್ಲಗ್ ಕೀಳೋವರೆಗೂ ಇವಳನ್ನ ಬಿಡಲ್ಲ.”

“ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ ಕಣೇ. ದಾರೀಲಿ ನಿಂತ್ರೆ ನೀನು ತಳ್ತೀಯಾ?”

ಅಜ್ಜಿ ಕದಲಲಿಲ್ಲ. ಅವಳ ಬಾಯಿ ಮುಚ್ಚಿಸಲೆಂದೇ ಅಜ್ಜ ಕರೆಂಟು ಅಳೆಯುವ ಮೀಟರು ತಂದ. ಅದರ ಒಂದು ಕಡ್ಡಿಯನ್ನು ನಲ್ಲಿಯ ಕಬ್ಬಿಣದ ಪೈಪಿಗೂ ಇನ್ನೊಂದನ್ನು ಕಾರಿನ ಬಾಗಿಲ ಹಿಡಿಕೆಗೂ ಇಟ್ಟ. ಅಂಕಿ ನೂರು ವೋಲ್ಟ್ ದಾಟಿ ನಿಂತಿತು. ಮೀಟರೇ ಕೆಟ್ಟಿದೆಯೇನೋ ಎಂದು ಒಳಗೆ ಹೋಗಿ ಸ್ವಿಚ್ಚು ಆರಿಸಿ, ಪ್ಲಗ್ ಕಿತ್ತು ಬಂದು ಮತ್ತೆ ನೋಡಿದ. ಸೊನ್ನೆ.

ಅಜ್ಜ ಮೆಟ್ಟಿಲ ಮೇಲೆ ಕೂತ. ಪೆಟ್ರೋಲ್ ಕಾರಿನ ಪುಟ್ಟ ಬ್ಯಾಟರಿಯ ಕಪ್ಪು ವೈರನ್ನು ಕಾರಿನ ಮೈಗೇ ಬಿಗಿಯುವುದು ಜೀವಮಾನವಿಡೀ ಅವನ ಕೈಗೆ ಅಂಟಿದ್ದ ರೂಢಿ. ಈ ದೊಡ್ಡ ಬ್ಯಾಟರಿಗಳಿಗೂ ಕೈ ಅದನ್ನೇ ಮಾಡಿತ್ತು. ಅವನು ಹಾಕಿದ್ದ ಅಗ್ಗದ ಚಾರ್ಜರಿನಲ್ಲಿ ಮನೆಯ ಕರೆಂಟಿಗೂ ಬ್ಯಾಟರಿಗೂ ನಡುವೆ ತಡೆಯೇ ಇರಲಿಲ್ಲ. ಹಾಗಾಗಿ ಗೋಡೆಯ ಕರೆಂಟು ನೆಟ್ಟಗೆ ಕಾರಿನ ಮೈಗೆ ಬಂದು ಕೂತಿತ್ತು. ಮೊದಲ ದಿನವೇ ಮನೆಯ ಸೇಫ್ಟಿ ಸ್ವಿಚ್ಚು ಮತ್ತೆ ಮತ್ತೆ ಬಿದ್ದು ಎಚ್ಚರಿಸಿತ್ತು. ಅದರ ಕಾಟ ತಪ್ಪಲೆಂದು ಈ ಮಹಾನುಭಾವ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕತ್ತರಿಸಿ ಎಸೆದಿದ್ದ. ಒದ್ದೆ ನೆಲದಲ್ಲಿ ನಿಂತಿದ್ದ ಮಗುವಿನ ಪಾದವನ್ನೇ ನೋಡಿದ.

“ಇವತ್ತು ಎಲ್ಲಿಗೂ ಹೋಗಲ್ಲ ಪುಟ್ಟಿ. ಕಾರಿಗೆ ಹುಷಾರಿಲ್ಲ,” ಎಂದ. ಹೆಂಡತಿಯ ಕಡೆ ತಿರುಗಿ, “ವೈರು ಬಿಚ್ತೀನಿ. ಚಾರ್ಜರು ಬದಲಾಯಿಸಿ, ಇದರಲ್ಲಿ ಪಳಗಿದವರಿಗೆ ತೋರಿಸೋವರೆಗೂ ಇದಕ್ಕೆ ಪ್ಲಗ್ ಹಾಕಲ್ಲ,” ಎಂದ.

ಅಜ್ಜಿ ತಲೆಯಾಡಿಸಿದಳು. ಮಗು ಮುಖ ಊದಿಸಿಕೊಂಡು ಒಳಗೆ ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ಅಜ್ಜ ಕೇಳಿದ, “ಪ್ಲಗ್ ಕಿತ್ರೆ ಚಿವುಟಲ್ಲ ಅಂತ ನಿಂಗೆ ಹೆಂಗೆ ಗೊತ್ತಾಯ್ತು?”

“ದಿನಾ ಮುಟ್ಟಿ ನೋಡ್ತಿದ್ದೆನಲ್ಲ,” ಎಂದಳು ಅಜ್ಜಿ. “ಮಗು ಹತ್ತೋಕೆ ಮುಂಚೆ.”