ಎಂಡಾರ್ಫಿನ್ ವಿರೂಪಾಕ್ಷಯ್ಯ

ಬೆಳಗಾಗುತ್ತಲೇ ಕೆರೆ ಏರಿಯ ಮೇಲೆ ಹತ್ತಾರು ಗಂಟಲುಗಳು ಅಪ್ಪಣೆಯ ಮೇರೆಗೆ ನಗುತ್ತಿದ್ದವು. ಆ ನಗೆಗೆ ಬೆದರಿ ಬೆಳ್ಳಕ್ಕಿಗಳು ಮೇಲೇಳುತ್ತಿದ್ದವು. ಅಪ್ಪಣೆ ಕೊಡುತ್ತಿದ್ದವನು ವಿರೂಪಾಕ್ಷಯ್ಯ. ಯಾವುದೋ ಮಾಸಪತ್ರಿಕೆಯಲ್ಲಿ ‘ಎಂಡಾರ್ಫಿನ್’ ಎಂಬ ಪದವೊಂದು, ಮಂಗನ ಕೈಗೆ ಮಾಣಿಕ್ಯ ಸಿಕ್ಕಂತೆ, ಅವನಿಗೆ ಸಿಕ್ಕಿತ್ತು. ಅಂದಿನಿಂದ ಆತ ಊರಿನ ಮನೋರೋಗಕ್ಕೆಲ್ಲ ವೈದ್ಯ.

ನನ್ನ ಅತ್ತಿಗೆ ಸರ್ವಮಂಗಳ ಆಗ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅಣ್ಣ ಅವರನ್ನು ಇವನ ಬಳಿಗೆ ಕರೆದೊಯ್ದ.

“ಮಾತ್ರೆ ಅಂದ್ರೆ ವಿಷ ಕಣಮ್ಮ. ನಿನ್ನ ಮೆದುಳಲ್ಲೇ ಔಷಧದ ಕಾರ್ಖಾನೆ ಇದೆ. ನಗು, ಓಡು, ಎಂಡಾರ್ಫಿನ್ ತಾನಾಗೇ ಸುರಿಯುತ್ತೆ,” ಎಂದ ಆತ. ಅಣ್ಣ ತಲೆದೂಗಿದ. ಬಿಟ್ಟಿ ಔಷಧ ಯಾರಿಗೆ ಬೇಡ?

ಅತ್ತಿಗೆ ಮಾತ್ರೆ ಬಿಟ್ಟರು. ಕೆಲವು ವಾರ ಏರಿಯ ಮೇಲೆ ನಕ್ಕರು, ಓಡಿದರು. ಆಮೇಲೆ ಹಾಸಿಗೆ ಬಿಟ್ಟೇಳಲಿಲ್ಲ, ಅನ್ನ ಮುಟ್ಟಲಿಲ್ಲ. ವಿಚಾರಿಸಲು ಬಂದ ಮಹಾನುಭಾವ ಬಾಗಿಲಲ್ಲೇ ನಿಂತು, “ಮನಸ್ಸಿಟ್ಟು ನಗಲಿಲ್ಲ ನೋಡಿ, ಅದಕ್ಕೇ,” ಎಂದು ಹೇಳಿ ಹೋದ.

ಆಸ್ಪತ್ರೆಗೆ ನಾನೇ ಕರೆದೊಯ್ದೆ. ಅಲ್ಲಿನ ವೈದ್ಯೆ ಬೈಯಲಿಲ್ಲ. “ಓಡೋದು ಒಳ್ಳೇದೇ. ಎಂಡಾರ್ಫಿನ್ನೂ ಸುಳ್ಳಲ್ಲ. ಆದ್ರೆ ಅದೊಂದರಿಂದಲೇ ಈ ಕಾಯಿಲೆ ವಾಸಿಯಾಗುತ್ತೆ ಅಂತ ನಂಬಿ ಕೂರಬೇಡಿ. ಮಾತ್ರೆ ನಿಲ್ಲಿಸೋದಾದ್ರೆ ನನ್ನ ಕೇಳಿ ನಿಲ್ಲಿಸಿ,” ಎಂದರು. ಮಾತ್ರೆ ಮತ್ತೆ ಶುರುವಾದ ಮೇಲೆ ನಿಧಾನವಾಗಿ ನಿದ್ದೆ ಬಂತು, ಹಸಿವು ಬಂತು. ಅತ್ತಿಗೆ ತಾವಾಗಿಯೇ ಮತ್ತೆ ಓಡತೊಡಗಿದರು. ಒಬ್ಬರೇ, ನಗುವವರು ಬರುವ ಮುನ್ನ.

ಇದು ವಿರೂಪಾಕ್ಷಯ್ಯನ ಕಣ್ಣಿಗೆ ಬಿತ್ತು. ನಗೆಕೂಟದ ವಾರ್ಷಿಕೋತ್ಸವಕ್ಕೆ ಅವರನ್ನು ಕರೆಸಿ, ಶಾಲು ಹೊದಿಸಿ, “ಬರೀ ಎಂಡಾರ್ಫಿನ್ನಿಂದ ಎದ್ದು ನಿಂತ ಹೆಣ್ಣುಮಗಳು. ಎರಡು ಮಾತಾಡಮ್ಮ,” ಎಂದ. ಸಭೆ ಏರಿಯ ಮೇಲಿನ ಅದೇ ನಗೆಯನ್ನು ನಕ್ಕಿತು.

ಅತ್ತಿಗೆ ಮೈಕು ಕೈಗೆ ತೆಗೆದುಕೊಂಡರು.

“ನಾನು ಎದ್ದಿದ್ದು ಮಾತ್ರೆಯಿಂದ. ಈಗಲೂ ತಗೋತೀನಿ. ಓಡೋದು ಯಾಕೆ ಅಂದ್ರೆ, ಓಡ್ತಾ ಅತ್ತರೆ ಜನ ಬೆವರು ಅಂದ್ಕೋತಾರೆ. ಮನೇಲಿ ಅತ್ತರೆ ‘ನಗು, ನಗು’ ಅಂತ ಹೇಳ್ತಾರೆ. ಇವರ ಮಾತು ಕೇಳಿ ಮಾತ್ರೆ ಬಿಟ್ಟಾಗ ನನಗೆ ಬದುಕೋದೇ ಬೇಡ ಅನ್ನಿಸಿತ್ತು.”

ವಿರೂಪಾಕ್ಷಯ್ಯ ಮೈಕು ಕಸಿದುಕೊಂಡ. “ಎಲ್ಲರೂ ಒಮ್ಮೆ ನಗೋಣ,” ಎಂದು ಕೈಯೆತ್ತಿ ತಾನೇ ಶುರುಮಾಡಿದ. ಯಾರೂ ಜೊತೆಗೂಡಲಿಲ್ಲ. ಅಷ್ಟು ದೊಡ್ಡ ಬಾಯಿಯಿಂದ ಅಷ್ಟು ಸಣ್ಣ ಸದ್ದು ಹೊರಟದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾವು ಹೊರಬಂದು ಸಭಾಂಗಣದ ಮೆಟ್ಟಿಲ ಮೇಲೆ ಕೂತೆವು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಹಿಂದೆಯೇ ಬಂದು, “ಆ ಮಾತ್ರೆ ಕೊಟ್ಟ ಡಾಕ್ಟ್ರು ಎಲ್ಲಿ ಸಿಗ್ತಾರೆ ಅಕ್ಕಾ?” ಎಂದು ಮೆಲ್ಲಗೆ ಕೇಳಿದಳು. ಅತ್ತಿಗೆ ಪಕ್ಕಕ್ಕೆ ಸರಿದರು. ಬಿಸಿಲಿಗೆ ಕಲ್ಲು ಕಾದಿತ್ತು. ಸನ್ಮಾನದ ಶಾಲನ್ನು ಮಡಿಸಿ, ಅವಳು ಕೂರಲೆಂದು ಅಲ್ಲಿ ಹಾಸಿದರು.