ಜಿರಾಫ್ ಕಾಣದ ಕುಕ್ಕರ್

ನಾನು ಐದು ಲೀಟರಿನ ಕುಕ್ಕರ್. ಅಲ್ಯುಮಿನಿಯಂ ತಗಡನ್ನು ಯಂತ್ರದ ಅಡಿಗೆ ಕೊಟ್ಟು ಒತ್ತಿ ನನ್ನನ್ನು ಹುಟ್ಟಿಸಿದರು. ಪಕ್ಕಕ್ಕೆ ಕರಿಯ ಹಿಡಿಕೆ, ತಲೆಗೆ ಸೀಟಿ ಇಟ್ಟರು. ಹುಬ್ಬಳ್ಳಿಯ ಪಾತ್ರೆ ಅಂಗಡಿಯಿಂದ ನೀಲಗಂಗಾ ನನ್ನನ್ನು ಮನೆಗೆ ತಂದಳು. ಹನ್ನೆರಡು ವರ್ಷ ಅವಳ ಒಲೆಯ ಮೇಲೆ ಬೇಳೆ ಬೇಯಿಸಿದೆ. ಆ ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆಫ್ರಿಕಾದ ಬಗ್ಗೆ.

ಅವಳ ಗಂಡ ಚನ್ನವೀರಪ್ಪ, ಔಷಧ ಅಂಗಡಿಯ ಯಜಮಾನರು, ನಾಲ್ವರು ಗೆಳೆಯರೊಂದಿಗೆ ಜಾಂಬಿಯಾದ ಕಾಡಿಗೆ ಸಫಾರಿ ಹೊರಟರು. “ನೀನೂ ಬಾ, ಜಿರಾಫ್ ತೋರಸ್ತೀನಿ” ಎಂದು ಹೆಂಡತಿಯನ್ನೂ ಕರೆದರು. ಅವಳು ಹಿಗ್ಗಿ ಹೀರೇಕಾಯಿಯಾದಳು. ಮರುದಿನವೇ ಅಕ್ಕಿ, ತೊಗರಿಬೇಳೆ, ಖಾರಪುಡಿಗಳ ಜೊತೆ ನಾನೂ ಪೆಟ್ಟಿಗೆ ಸೇರಿದೆ. ಗಂಡಸರಿಗೆ ಅಲ್ಲಿಯ ಊಟ ಒಗ್ಗುವುದಿಲ್ಲವಂತೆ! ಕರೆದದ್ದು ಏಕೆಂದು ನನಗೆ ಆಗಲೇ ಹೊಳೆಯಿತು. ಅವಳಿಗೆ ಹೊಳೆಯಲಿಲ್ಲ.

ಎರಡು ವಿಮಾನ, ಆಮೇಲೆ ಅರ್ಧ ದಿನ ಜೀಪು. ಹೊಳೆಯ ದಂಡೆಯಲ್ಲಿ ನಾಲ್ಕೇ ಡೇರೆ, ಸುತ್ತ ಎಲ್ಲಿ ನೋಡಿದರೂ ಕಾಡು. ಬೇರೆ ಪ್ರವಾಸಿಗರ ಸುಳಿವೇ ಇಲ್ಲ. ಇಷ್ಟು ದೊಡ್ಡ ಕಾಡಿನಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಇದ್ದಿಲು ಒಲೆ ಮತ್ತು ಜೊಂಡಿನ ಗೋಡೆ. ನೀಲಗಂಗಾಳ ಪಾಲಿಗೂ ಅಷ್ಟೇ. ಜೀಪು ಬೆಳಗ್ಗೆ ಹೋಗುತ್ತಿತ್ತು, ಸಂಜೆ ಮತ್ತೆ ಹೋಗುತ್ತಿತ್ತು. ಅವಳು ಈರುಳ್ಳಿ ಹೆಚ್ಚುತ್ತಿದ್ದಳು.

“ಹದಿನೇಳು ಜಿರಾಫ್ ಇದ್ವು ನೋಡ!” ಯಜಮಾನರು ಬಂದು ತಾಟಿನ ಮುಂದೆ ಕೂತರು.

“ನಾಳೆ ನಾನೂ ಬರ್ಲೇನ್ರಿ?”

“ಬಾ ಅಂತ ನಾನ ಕರದೇನಲ್ಲ? ಆದ್ರ ತಿರುಗಿ ಬರೂದ್ರಾಗ ಎಲ್ಲಾರಿಗೂ ಹಸಿವಿ ಆಗಿರ್ತದ. ನಾಡಿದ್ದು ನೋಡೂಣು.”

ಮೂರು ದಿನ ಇದೇ ಹಾಡು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೇಳೆಯನ್ನು ಹಸಿಯಾಗಿಯೇ ಇಟ್ಟುಬಿಡೋಣ ಎನ್ನಿಸಿತು, ಆದರೆ ಕೆಳಗೆ ಬೆಂಕಿ ಇದ್ದರೆ ಬೇಯಿಸದೆ ಇರಲು ನನಗೆ ಬರುವುದಿಲ್ಲ. ಅವಳಿಗೂ ಬರುತ್ತಿರಲಿಲ್ಲ.

ನಮ್ಮಂತೆಯೇ ಬೇಸತ್ತವನು ಇನ್ನೊಬ್ಬನಿದ್ದ. ಅಲ್ಲಿಯ ಅಡುಗೆಯವ ಬಾಂಡಾ. ಅವನ ಅಡುಗೆಯನ್ನು ಯಾರೂ ಮುಟ್ಟದ ಕಾರಣ ಕೆಲಸವಿಲ್ಲದೆ ಕೂತು ಇವಳನ್ನೇ ನೋಡುತ್ತಿದ್ದ. ಕೊನೆಯ ದಿನ ಬೆಳಗ್ಗೆ ಗಂಡಸರು ಕಡೆಯ ಸುತ್ತಿಗೆ ಹೋಗಿದ್ದರು. ಮಧ್ಯಾಹ್ನ ಊರಿಗೆ ಹೊರಡುವುದಿತ್ತು. ಅವಳು ಅಕ್ಕಿ ಹಾಕಿ ನನ್ನನ್ನು ಆಗತಾನೆ ಒಲೆಗೇರಿಸಿದ್ದಳು. ಬಾಂಡಾ ಓಡಿಬಂದ.

“ಮೇಡಂ, ಜಿರಾಫ್!” ಎಂದು ಕೈಯನ್ನು ತಲೆಗಿಂತ ಎತ್ತರಕ್ಕೆ ಚಾಚಿ, ಹೊಳೆಯ ತಿರುವಿನತ್ತ ತೋರಿಸಿದ. ನಡೆದು ಹೋಗುವವರ ಜೊತೆ ಬಂದೂಕು ಹಿಡಿದ ಕಾವಲುಗಾರ ಹೋಗುವುದು ಅಲ್ಲಿಯ ಪದ್ಧತಿ. ಅವನನ್ನೂ ಕರೆತಂದಿದ್ದ.

ನೀಲಗಂಗಾ ನನ್ನನ್ನು ನೋಡಿದಳು. ಒಲೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು.

“ಹಾಳಾಗಿ ಹೋಗ್ಲಿ” ಅಂದವಳೇ ಸೆರಗು ಬಿಗಿದು ಕಾವಲುಗಾರನ ಹಿಂದೆ ನಡೆದುಬಿಟ್ಟಳು.

ನಾನು ಸೀಟಿ ಹೊಡೆದೆ. ಮತ್ತೆ ಹೊಡೆದೆ. ಬಾಂಡಾ ಸೌಟು ಹಿಡಿದು ಮರದ ಹಿಂದೆ ನಿಂತಿದ್ದ. ನನ್ನಂಥದ್ದನ್ನು ಅವನು ಮುಟ್ಟಿದವನಲ್ಲ, ಸಿಡಿದರೆ ಎಂಬ ಹೆದರಿಕೆ. ನೀರು ಆರಿತು, ಅನ್ನ ಸೀದು ಇದ್ದಿಲಾಯಿತು, ವಾಲ್ವು ಕರಗಿತು, ತಳ ಉಬ್ಬಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು.

“ಏನಿದು ವಾಸನಿ? ಊಟ ಎಲ್ಲಿ?” ಯಜಮಾನರು ಜೀಪಿನಿಂದಿಳಿದು ಕೂಗಿದರು.

ಆಗ ಅವಳು ಹುಲ್ಲಿನ ನಡುವಿನಿಂದ ಬಂದಳು. ಮೊಣಕಾಲಿನವರೆಗೆ ಕೆಸರು.

“ನೀರು ಕುಡಿಯೂವಾಗ ಅದು ಹಿಂಗ ಮಾಡ್ತದ್ರಿ” ಎಂದವಳು, ಐದು ಮಂದಿ ಗಂಡಸರ ಎದುರಿಗೆ ಹಸಿರು ಸೀರೆ ಎತ್ತಿ ಹಿಡಿದು, ಎರಡೂ ಕಾಲು ಅಗಲಿಸಿ, ಕತ್ತನ್ನು ನೆಲದತ್ತ ಬಾಗಿಸಿದಳು.

“ನೀಲಾ, ಊಟ?”

“ಬಾಂಡಾ ಮಾಡ್ತಾನ, ಉಣ್ರಿ” ಅಂದಳು, ಬಾಗಿಕೊಂಡೇ.

ನನ್ನನ್ನು ಅಲ್ಲೇ ಬಿಟ್ಟು ಹೋದರು. ಬಾಂಡಾ ಈಗ ನನ್ನೊಳಗೆ ಇದ್ದಿಲು ತುಂಬಿಡುತ್ತಾನೆ. ಆಫ್ರಿಕಾಕ್ಕೆ ಬಂದು ಆರು ವರ್ಷವಾಯಿತು, ಜೊಂಡಿನ ಗೋಡೆ ಅಡ್ಡ ಇರುವುದರಿಂದ ಒಂದು ಪ್ರಾಣಿಯನ್ನೂ ಕಂಡಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಜಿರಾಫ್ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಹೇಳಬಲ್ಲೆ. ಅದು ಹಸಿರು ಇಳಕಲ್ ಸೀರೆ ಉಡುತ್ತದೆ, ಗಂಡ ಊಟ ಕೇಳಿದರೆ ತಲೆ ಎತ್ತುವುದಿಲ್ಲ.